ಹದಿನಾಲ್ಕು ವೋಲ್ಟಿನ ಹದ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್, ಗೂಡ್ಸ್ ಗಾಡಿ, ಬೈಕು ಇಲ್ಲದ ಊರಿಲ್ಲ. ಬ್ಯಾಟರಿಯನ್ನು ಬೈಯದ ಊರೂ ಇಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಎಳೆಯುವುದಿಲ್ಲ. ಬ್ಯಾಟರಿ ಡೌನು ಎನ್ನುತ್ತೇವೆ. ನಾಲ್ಕು ಜನ ಸೇರಿ ತಳ್ಳುತ್ತೇವೆ. ಒಂದೆರಡು ಸಲ ಚಾರ್ಜಿಗೆ ಹಾಕಿಸಿ, ಆಮೇಲೆ ಬೇಸತ್ತು ಹೊಸದನ್ನೇ ತರುತ್ತೇವೆ. ಆ ಹೊಸದೂ ವರ್ಷ ತುಂಬುವುದರೊಳಗೆ ಮಲಗಿದರೆ ಅಂಗಡಿಯವರ ಮೇಲೆ ಸಿಟ್ಟು. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅಕಾಲದಲ್ಲಿ ಹೋದ ಬ್ಯಾಟರಿಯನ್ನು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನಲ್ಲ. ಅದಕ್ಕೆ ಚಾರ್ಜು ಕೊಡುವ ಆಲ್ಟರ್ನೇಟರಿನ ವೋಲ್ಟೇಜು ಹದದಲ್ಲಿದೆಯೇ ಎಂದು ಮೊದಲು ನೋಡಬೇಕು. ಹದ ತಪ್ಪಿದ ಗಾಡಿಗೆ ಎಷ್ಟು ಒಳ್ಳೆಯ ಬ್ಯಾಟರಿ ಕೂರಿಸಿದರೂ ಅದರ ಗತಿ ಅಷ್ಟೇ.

ಹದ ಎಂದರೆ ಎಷ್ಟು? ಗಾಡಿಯ ಬ್ಯಾಟರಿಯೊಳಗೆ 6 ಸೆಲ್ಲುಗಳಿವೆ. ಒಂದೊಂದಕ್ಕೆ 2 ವೋಲ್ಟಿಗಿಂತ ತುಸು ಹೆಚ್ಚು. ಪೂರ್ತಿ ಚಾರ್ಜ್ ಆಗಿ, ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿಯನ್ನು ಬೆಳಿಗ್ಗೆ ಅಳೆದರೆ ಮೀಟರು 12.6ರ ಸುತ್ತ ತೋರಿಸುತ್ತದೆ. ಅದರೊಳಕ್ಕೆ ಕರೆಂಟು ನುಗ್ಗಬೇಕಾದರೆ ಹೊರಗಿನ ವೋಲ್ಟೇಜು ಅದಕ್ಕಿಂತ ಹೆಚ್ಚಿರಲೇಬೇಕು. ಆದರೆ ಎಷ್ಟು ಹೆಚ್ಚು ಎನ್ನುವುದರಲ್ಲಿ ಇಡೀ ಕಥೆಯಿದೆ. 13 ವೋಲ್ಟಿನ ಆಸುಪಾಸಿನಲ್ಲೇ ನಿಂತರೆ ಬ್ಯಾಟರಿ ಎಂದೂ ತುಂಬುವುದಿಲ್ಲ. ಅರ್ಧಂಬರ್ಧ ತುಂಬಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಕೂತು, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಅದನ್ನು ಕರಗಿಸುವುದು ಕಷ್ಟ. ಈಚೆ ಕಡೆ 15 ವೋಲ್ಟಿಗೆ ಏರಿದರೆ ಬ್ಯಾಟರಿಯೊಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೊರಟುಹೋಗುತ್ತದೆ. ಮತ್ತೆ ಮತ್ತೆ ಡಿಸ್ಟಿಲ್ಡ್ ವಾಟರ್ ಕೇಳುವ ಬ್ಯಾಟರಿ, ಪಕ್ಕ ಉಬ್ಬಿಸಿಕೊಂಡ ಬ್ಯಾಟರಿ, ಇವು ಈ ರೋಗದವು. ಹೊರಬರುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುವಂಥದ್ದು, ಅದು ಬೇರೆ ಮಾತು. ಇವೆರಡರ ನಡುವೆ, ಸುಮಾರು 13.8ರಿಂದ 14.4 ವೋಲ್ಟಿನವರೆಗೆ, ಅರ್ಧ ವೋಲ್ಟಿಗಿಂತ ಚೂರು ಅಗಲದ ಒಂದು ಪಟ್ಟಿ ಇದೆ. ಬದುಕು ಆ ಪಟ್ಟಿಯಲ್ಲಿ. ಲಾರಿ, ಬಸ್ಸುಗಳ 24 ವೋಲ್ಟಿನ ವ್ಯವಸ್ಥೆಗೆ ಇದೇ ಲೆಕ್ಕವನ್ನು ಎರಡರಿಂದ ಗುಣಿಸಿಕೊಳ್ಳಿ.

ಪಟ್ಟಿ ಕಿರಿದು ಎಂದಾಯಿತು. ಅದರೊಳಗೆ ನಿಲ್ಲುವುದು ಯಾಕೆ ಕಷ್ಟ, ಈಗ ಅದನ್ನು ನೋಡೋಣ. ಆಲ್ಟರ್ನೇಟರನ್ನು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಡೈನಮೋ ಎಂದೇ ಕರೆಯುವುದುಂಟು. ಅದರ ನಡುವೆ ತಿರುಗುವ ಒಂದು ವಿದ್ಯುತ್ ಅಯಸ್ಕಾಂತವಿದೆ. ಸುತ್ತ ಅಲುಗಾಡದ ತಾಮ್ರದ ಸುರುಳಿಗಳಿವೆ. ಅಯಸ್ಕಾಂತ ತಿರುಗಿದಂತೆ ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದು ಹಿಂದೆ ಮುಂದೆ ಓಲಾಡುವ ಎ.ಸಿ. ವಿದ್ಯುತ್ತು. ಅದನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಹುಟ್ಟುವ ವೋಲ್ಟೇಜು ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು ತಿರುಗುವ ವೇಗ, ಇನ್ನೊಂದು ಅಯಸ್ಕಾಂತದ ಬಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತಲ್ಲ, ಅಲ್ಲಿನ ಯಂತ್ರಗಳಿಗೂ ಇದೇ ನಿಯಮ. ಆದರೆ ವಿದ್ಯುದಾಗಾರದ ಯಂತ್ರ ಹಗಲೂ ರಾತ್ರಿ ಒಂದೇ ವೇಗದಲ್ಲಿ ತಿರುಗುತ್ತದೆ. ಗಾಡಿಯ ಗತಿ ಹಾಗಲ್ಲ. ಸಂತೆಬೆನ್ನೂರಿನ ಸರ್ಕಲಿನಲ್ಲಿ ನಿಂತಾಗ ಎಂಜಿನ್ನು ನಿಮಿಷಕ್ಕೆ 700-800 ಸುತ್ತು. ಹೆದ್ದಾರಿಗೆ ಬಿದ್ದ ಮೇಲೆ 2,000, 3,000. ಬೆಲ್ಟಿನ ಪುಲ್ಲಿಯ ಲೆಕ್ಕದಲ್ಲಿ ಆಲ್ಟರ್ನೇಟರು ಎಂಜಿನ್ನಿಗಿಂತ ಸುಮಾರು ಎರಡೂವರೆ ಪಟ್ಟು ಜೋರಾಗಿ ತಿರುಗುತ್ತದೆ. ಅಯಸ್ಕಾಂತದ ಬಲ ಹಾಗೇ ಇದ್ದು ವೇಗ ಮಾತ್ರ ಮೂರು ಪಟ್ಟಾದರೆ ಒಳಗೆ ಹುಟ್ಟುವ ವೋಲ್ಟೇಜೂ ಮೂರು ಪಟ್ಟಾಗುತ್ತದೆ. 14 ಇದ್ದದ್ದು 40 ದಾಟುತ್ತದೆ. ವೇಗ ಚಾಲಕರ ಕಾಲಡಿಯಲ್ಲಿದೆ, ಅದನ್ನು ಹಿಡಿಯುವಂತಿಲ್ಲ. ಹಿಡಿಯಲು ಉಳಿದದ್ದು ಅಯಸ್ಕಾಂತ ಒಂದೇ.

ಆ ಅಯಸ್ಕಾಂತವನ್ನು ಹಿಡಿಯುವ ಭಾಗಕ್ಕೇ ರೆಗ್ಯುಲೇಟರ್ ಎನ್ನುವುದು. ಹಳಬರ ಬಾಯಲ್ಲಿ ಕಟೌಟು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೆನೆಯಿರಿ. ನಾಲೆಗೆ ಎಷ್ಟು ನೀರು ಹೋಗಬೇಕೆಂಬುದನ್ನು ತೂಬಿನಲ್ಲೇ ತೀರ್ಮಾನಿಸುತ್ತಾರೆ. ನಾಲೆಯ ಕೊನೆಯಲ್ಲಿ ನಿಂತು ಪ್ರವಾಹಕ್ಕೆ ಅಡ್ಡಗಟ್ಟಲು ಯಾರೂ ಹೋಗುವುದಿಲ್ಲ. ರೆಗ್ಯುಲೇಟರು ಮಾಡುವುದೂ ಅದನ್ನೇ. ಆಲ್ಟರ್ನೇಟರಿನಿಂದ ಹೊರಬರುವ 30-40 ಆಂಪಿಯರ್ ಕರೆಂಟನ್ನು ಅದು ಮುಟ್ಟುವುದಿಲ್ಲ. ಒಳಗಿನ ಅಯಸ್ಕಾಂತದ ಸುರುಳಿಗೆ, ಅಂದರೆ ಫೀಲ್ಡ್ ಕಾಯಿಲಿಗೆ, ಕಾರ್ಬನ್ ಬ್ರಷ್ಷುಗಳ ಮೂಲಕ ಹೋಗುವ 3-4 ಆಂಪಿಯರನ್ನು ಮಾತ್ರ ಬಿಡುತ್ತದೆ, ತಡೆಯುತ್ತದೆ. ವೋಲ್ಟೇಜು ಮೇಲೇರಿದರೆ ಫೀಲ್ಡನ್ನು ಕಡಿಯುತ್ತದೆ, ಇಳಿದರೆ ಮತ್ತೆ ಕೊಡುತ್ತದೆ. ಒಂದು ಸೆಕೆಂಡಿನಲ್ಲಿ ಹತ್ತಾರು ಸಲ, ನೂರಾರು ಸಲ. ಹಿಂದಿನ ಕಾಲದ ಕಬ್ಬಿಣದ ಡಬ್ಬಿಯಲ್ಲಿ ಈ ಕೆಲಸವನ್ನು ಸ್ಪ್ರಿಂಗು ಕಟ್ಟಿದ ಒಂದು ಪಟ್ಟಿ ಗುಂಯ್‌ಗುಟ್ಟುತ್ತ ಮಾಡುತ್ತಿತ್ತು. ಅದರ ಪಾಯಿಂಟು ಸುಡುತ್ತಿತ್ತು, ಸ್ಪ್ರಿಂಗು ಸಡಿಲವಾಗುತ್ತಿತ್ತು. ಈಗ ಬೆಂಕಿಪೆಟ್ಟಿಗೆ ಗಾತ್ರದ, ಕರಿ ಎರಕ ತುಂಬಿದ ಚೂರು ಆಲ್ಟರ್ನೇಟರಿನ ಬೆನ್ನಿಗೇ ಅಂಟಿ ಕೂತಿದೆ. ಅದರೊಳಗಿನ ಝೀನರ್ ಡಯೋಡು ವೋಲ್ಟೇಜನ್ನು ಅಳೆಯುತ್ತದೆ, ಟ್ರಾನ್ಸಿಸ್ಟರು ಫೀಲ್ಡನ್ನು ಕಡಿಯುತ್ತದೆ. ಇದರಲ್ಲಿ ಸವೆಯುವ ಭಾಗವೆಂದರೆ ಬ್ರಷ್ಷು ಮಾತ್ರ.

ಇಷ್ಟು ಹೊತ್ತು ಹೇಳಿದ್ದು ಇಷ್ಟು. ಬ್ಯಾಟರಿಗೆ 14ರ ಸುತ್ತ ಒಂದು ಕಿರಿದಾದ ಹದ ಬೇಕು, ಆ ಹದವನ್ನು ಫೀಲ್ಡಿನ ಸಣ್ಣ ಕರೆಂಟನ್ನು ಹಿಡಿದು ರೆಗ್ಯುಲೇಟರ್ ಕಾಯುತ್ತದೆ. ಮುಂದಿನ ಮಾತು ಬಿಸಿಲಿನದು. ಈ ಹದ ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ಬ್ಯಾಟರಿ ಬಿಸಿಯಾದಷ್ಟೂ ಕಡಿಮೆ ವೋಲ್ಟೇಜು ಸಾಕು, ತಣ್ಣಗಾದಷ್ಟೂ ಹೆಚ್ಚು ಬೇಕು. 10 ಡಿಗ್ರಿಗೆ ಸುಮಾರು 0.2 ವೋಲ್ಟಿನ ವ್ಯತ್ಯಾಸ. 25 ಡಿಗ್ರಿಯಲ್ಲಿ 14.4 ಸರಿಯಾದರೆ 45 ಡಿಗ್ರಿಯಲ್ಲಿ 14 ಸರಿ. ಜಗಳೂರಿನ ಮೇ ತಿಂಗಳ ಮಧ್ಯಾಹ್ನವನ್ನು ಯೋಚಿಸಿ. ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಪಕ್ಕ ಕೂತ ಬ್ಯಾಟರಿಗೆ 45 ಡಿಗ್ರಿ ದೊಡ್ಡ ಮಾತಲ್ಲ. ನ್ಯಾಮತಿಯ ಹೊಲಗಳಲ್ಲಿ ಡಿಸೆಂಬರಿನ ಬೆಳಗಿನ ಜಾವಕ್ಕೆ 15 ಡಿಗ್ರಿಯೂ ದೂರದ ಮಾತಲ್ಲ. ಒಂದೇ ಜಿಲ್ಲೆ, ಒಂದೇ ಮಾದರಿಯ ಟ್ರ್ಯಾಕ್ಟರು, ಬೇಕಾದ ಹದದಲ್ಲಿ ಅರ್ಧ ವೋಲ್ಟಿಗೂ ಮಿಕ್ಕ ಅಂತರ. ಒಳ್ಳೆಯ ರೆಗ್ಯುಲೇಟರು ಬಿಸಿಯನ್ನು ತಾನೇ ಅರಿತು ವೋಲ್ಟೇಜನ್ನು ಇಳಿಸಿಕೊಳ್ಳುತ್ತದೆ. ಅಗ್ಗದ ನಕಲಿ ಮಾಲಿನಲ್ಲಿ ಈ ಗುಣ ಇರುತ್ತದೆಂಬ ಖಾತ್ರಿ ಇಲ್ಲ. ಅದು ಚಳಿಗಾಲದಲ್ಲಿ ಸರಿಯಾಗಿಯೇ ಇದ್ದು, ಬೇಸಿಗೆಯಲ್ಲಿ ಸದ್ದಿಲ್ಲದೆ ಬ್ಯಾಟರಿಯ ನೀರು ಕುದಿಸುತ್ತದೆ. ಬೇಸಿಗೆಯಲ್ಲಿ ಬ್ಯಾಟರಿ ಹೋಗುವುದು ಸಹಜ ಎಂದು ನಾವು ಅದಕ್ಕೊಂದು ಸಮಾಧಾನವನ್ನೂ ಕಂಡುಕೊಂಡಿದ್ದೇವೆ.

ಬಿಸಿಲಿನ ಮಾತಾಯಿತು. ಇನ್ನು ವೈರಿನ ಮಾತು. ನನ್ನ ಎಣಿಕೆಯಲ್ಲಿ ಹೆಚ್ಚು ಮೋಸ ನಡೆಯುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರೆಗ್ಯುಲೇಟರು ವೋಲ್ಟೇಜನ್ನು ಕಾಯುತ್ತದೆ ಸರಿ, ಎಲ್ಲಿನ ವೋಲ್ಟೇಜನ್ನು? ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರಿನ ಬಾಯಲ್ಲೇ ಅಳೆಯುತ್ತದೆ. ಇನ್ನು ಕೆಲವುಗಳಲ್ಲಿ ಒಂದು ತೆಳ್ಳಗಿನ ವೈರು ಬೇರೆ ದಾರಿಯಲ್ಲಿ, ಬ್ಯಾಟರಿಯಿಂದಲೋ ಕೀ ಸ್ವಿಚ್ಚಿನಿಂದಲೋ ವೋಲ್ಟೇಜಿನ ಸುದ್ದಿಯನ್ನು ತಂದುಕೊಡುತ್ತದೆ. ಮೊದಲು ಚಾರ್ಜಿನ ಕರೆಂಟು ಹೊರುವ ದಪ್ಪ ವೈರಿನ ಸಮಸ್ಯೆ ನೋಡೋಣ. ಹೊನ್ನಾಳಿಯ ಕಡೆ ನಾಲೆ ನೀರಿನ ಗದ್ದೆಗಳಲ್ಲಿ ಕೇಜ್ ವ್ಹೀಲ್ ಹಾಕಿ ಉಳುವ ಟ್ರ್ಯಾಕ್ಟರಿನ ಮೈಗೆಲ್ಲ ಕೆಸರು. ಆಲ್ಟರ್ನೇಟರ್, ಎಂಜಿನ್, ಚಾಸಿ ಸೇರುವ ಅರ್ಥ್ ಪಟ್ಟಿಗೆ ತುಕ್ಕು ಹಿಡಿಯುತ್ತದೆ. ಒಂದು ಓಮಿನ 50ನೇ ಒಂದು ಭಾಗದಷ್ಟು ಅಡ್ಡಿ ಬಂದರೂ ಸಾಕು, 30 ಆಂಪಿಯರ್ ಹರಿಯುವಾಗ ಅಲ್ಲಿ 0.6 ವೋಲ್ಟು ಸೋರಿಹೋಗುತ್ತದೆ. ಆಲ್ಟರ್ನೇಟರಿನ ಬಾಯಲ್ಲಿ 14, ಬ್ಯಾಟರಿಯ ತಲೆಯ ಮೇಲೆ 13.4. ರೆಗ್ಯುಲೇಟರಿಗೆ ಎಲ್ಲವೂ ಸರಿಯಿದೆ, ಬ್ಯಾಟರಿಗೆ ಮಾತ್ರ ಅರೆಹೊಟ್ಟೆ. ಇಷ್ಟು ಸಣ್ಣ ಅಡ್ಡಿಯನ್ನು ಸಾಧಾರಣ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಹಿಡಿಯಲಾಗದು. ವೈರು ಸರಿಯಾಗಿದೆ ಎಂದು ಮೆಕ್ಯಾನಿಕ್ ಹೇಳುವುದು ಸುಳ್ಳಲ್ಲ. ಅವರ ಅಳತೆಯ ದಾರಿ ಬೇರೆಯಾಗಬೇಕಿತ್ತು, ಅಷ್ಟೇ.

ಈಗ ತೆಳು ವೈರಿಗೆ ಬನ್ನಿ. ಅಲ್ಲಿಯೂ ಅದೇ ತುಕ್ಕು, ಆದರೆ ಫಲ ತಲೆಕೆಳಗು. ಕೀ ಸ್ವಿಚ್ಚಿನ ಪಾಯಿಂಟು ಸುಟ್ಟು, ಸುದ್ದಿ ತರುವ ದಾರಿಯಲ್ಲಿ 0.7 ವೋಲ್ಟು ಕಳೆದುಹೋಯಿತೆನ್ನಿ. ಬ್ಯಾಟರಿಯಲ್ಲಿ ನಿಜಕ್ಕೂ 14.2 ಇದೆ, ರೆಗ್ಯುಲೇಟರಿಗೆ ಮುಟ್ಟಿದ್ದು 13.5. ಕಡಿಮೆಯಾಯಿತೆಂದು ಅದು ಫೀಲ್ಡನ್ನು ಇನ್ನಷ್ಟು ಬಿಡುತ್ತದೆ. ತನಗೆ 14.2 ಕಾಣುವವರೆಗೂ ಬಿಡುತ್ತದೆ. ಆ ಹೊತ್ತಿಗೆ ಬ್ಯಾಟರಿಯಲ್ಲಿ 14.9. ದಪ್ಪ ವೈರು ಕೆಟ್ಟರೆ ಚಾರ್ಜು ಸಾಲದು, ತೆಳು ವೈರು ಕೆಟ್ಟರೆ ಚಾರ್ಜು ಮಿತಿಮೀರುತ್ತದೆ. ಎರಡರಲ್ಲೂ ರೆಗ್ಯುಲೇಟರ್ ನಿರಪರಾಧಿ. ಎರಡರಲ್ಲೂ ಬದಲಾಗುವುದು ಬ್ಯಾಟರಿ, ಅಥವಾ ರೆಗ್ಯುಲೇಟರು, ಕೆಲವೊಮ್ಮೆ ಎರಡೂ. ದಪ್ಪ ವೈರಿನ ದೋಷವನ್ನು ಪತ್ತೆ ಮಾಡುವ ಬಗೆ ಸರಳ. ಎಂಜಿನ್ ಓಡುತ್ತಿರಲಿ, ಲೈಟುಗಳೆಲ್ಲ ಉರಿಯುತ್ತಿರಲಿ. ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೆ ತಾಗಿಸಿ. ಆಮೇಲೆ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ಹಾಗೆಯೇ. ಬೆಲ್ಟು, ಫ್ಯಾನುಗಳಿಂದ ಕೈ, ವೈರು ದೂರವಿರಲಿ. ಯಾವುದೇ ಒಂದು ಕಡೆ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಖರ್ಚು ಒಂದು ಚೂರು ಉಪ್ಪುಕಾಗದದ್ದು.

ಬಿಸಿಲು ಮತ್ತು ವೈರು, ಎರಡೂ ಹದ ಕೆಡಿಸುತ್ತವೆ ಎಂದು ನೋಡಿದೆವು. ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಬಹಳ ಕೇಳಿಬರುವಂಥದ್ದು. ವೋಲ್ಟೇಜನ್ನು ಸ್ವಲ್ಪ ಏರಿಸಿಕೊಂಡರೆ ಏನು ತಪ್ಪು? ಬೇಗ ಚಾರ್ಜ್ ಆಗುತ್ತದೆ, ಲೈಟು ಜೋರಾಗಿ ಉರಿಯುತ್ತದೆ, ಸೌಂಡು ಚೆನ್ನಾಗಿ ಬರುತ್ತದೆ. ಇದಕ್ಕಾಗಿ ಆ ತೆಳು ವೈರಿನ ನಡುವೆ ಒಂದು ಡಯೋಡನ್ನು ಸೇರಿಸುವ ಉಪಾಯವೂ ಉಂಟು. ಡಯೋಡು ಬೇಕೆಂದೇ 0.6 ವೋಲ್ಟು ನುಂಗುತ್ತದೆ, ರೆಗ್ಯುಲೇಟರು ಮೋಸ ಹೋಗುತ್ತದೆ. ಈ ವಾದದಲ್ಲಿ ಒಂದಂಶ ನಿಜ. ಖಾಲಿಯಾದ ಬ್ಯಾಟರಿ ಹೆಚ್ಚು ವೋಲ್ಟೇಜಿನಲ್ಲಿ ಬೇಗ ತುಂಬುತ್ತದೆ. ಆದರೆ ತುಂಬಿದ ಮೇಲೂ ಆ ವೋಲ್ಟೇಜು ಇಳಿಯುವುದಿಲ್ಲವಲ್ಲ! ಉಳಿದ ದಾರಿಯೆಲ್ಲ ನೀರು ಒಡೆಯುತ್ತಲೇ ಇರುತ್ತದೆ. ಹ್ಯಾಲೊಜನ್ ಬಲ್ಬು ಶೇಕಡಾ 5ರಷ್ಟು ಹೆಚ್ಚು ವೋಲ್ಟೇಜಿನಲ್ಲಿ ಉರಿದರೆ ಬೆಳಕು ಹೆಚ್ಚು ಕೊಡುತ್ತದೆ, ನಿಜ. ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬಲ್ಬು ಮೇಲಿಂದ ಮೇಲೆ ಸುಡುವ ಗಾಡಿಯಲ್ಲಿ ಮೊದಲು ವೋಲ್ಟೇಜು ಅಳೆಯಿರಿ ಎನ್ನುವುದು ಅದಕ್ಕೇ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ವೋಲ್ಟೇಜು ಏರಿಸುವುದು ಬೇರೆ, ಆಲ್ಟರ್ನೇಟರಿನ ಶಕ್ತಿ ಹೆಚ್ಚುವುದು ಬೇರೆ. 40 ಆಂಪಿಯರಿನ ಆಲ್ಟರ್ನೇಟರ್ 14 ವೋಲ್ಟಿನಲ್ಲಿ ಕೊಡಬಲ್ಲದ್ದು 560 ವಾಟ್, ಅದೂ ಒಳ್ಳೆಯ ವೇಗದಲ್ಲಿ ತಿರುಗುವಾಗ. ಸುಗ್ಗಿಯಲ್ಲಿ ಅದಿರುವ ಟ್ರ್ಯಾಕ್ಟರು ರಾತ್ರಿ ಮೆಕ್ಕೆಜೋಳದ ಯಂತ್ರ ಓಡಿಸುವಾಗ ಎಂಜಿನ್ನು ಏರಿದ ವೇಗದಲ್ಲಿ ಒಂದೇ ಸಮನೆ ಓಡುತ್ತದೆ. 55 ವಾಟಿನ ನಾಲ್ಕು ಲೈಟು ಹೆಚ್ಚಿಗೆ ಕಟ್ಟಿದರೂ 16 ಆಂಪಿಯರು, ಸಲೀಸು. ಅದೇ ಟ್ರ್ಯಾಕ್ಟರನ್ನು ಗಣಪತಿ ಮೆರವಣಿಗೆಗೆ ತನ್ನಿ. ಹೆಜ್ಜೆ ಹೆಜ್ಜೆಗೆ ನಿಲ್ಲುವ ನಡಿಗೆ, ಐಡಲಿಂಗಿನಲ್ಲಿ ಎಂಜಿನ್ನು, ಮೇಲೆ ಸೀರಿಯಲ್ ಸೆಟ್ಟು, 500 ವಾಟಿನ ಆಂಪ್ಲಿಫೈಯರು. ಕೇಳುತ್ತಿರುವುದು 40 ಆಂಪಿಯರಿಗೂ ಹೆಚ್ಚು, ಆ ವೇಗದಲ್ಲಿ ಆಲ್ಟರ್ನೇಟರು ಕೊಡಬಲ್ಲದ್ದು ಅದರ ಅರ್ಧವೂ ಇಲ್ಲ. ರೆಗ್ಯುಲೇಟರು ಫೀಲ್ಡನ್ನು ಪೂರ್ತಿ ಬಿಟ್ಟು ಆಗಲೇ ಕೈಚೆಲ್ಲಿರುತ್ತದೆ. ಅದಕ್ಕೆ ಡಯೋಡಿನ ಮೋಸವನ್ನೂ ಸೇರಿಸಿದರೆ ಒಂದು ಆಂಪಿಯರೂ ಹೆಚ್ಚಾಗದು. ಕೊರತೆಯನ್ನೆಲ್ಲ ಬ್ಯಾಟರಿ ತುಂಬಿಕೊಡುತ್ತದೆ, ಮಾರನೆಯ ದಿನ ಅದರ ಮೇಲೇ ಅಪವಾದ. ಮೆರವಣಿಗೆಗೆ ಪ್ರತ್ಯೇಕ ಜನರೇಟರು ತನ್ನಿ, ಇಲ್ಲವೇ ದೊಡ್ಡ ಆಲ್ಟರ್ನೇಟರು ಹಾಕಿಸಿ, ಅದಕ್ಕೆ ತಕ್ಕ ದಪ್ಪ ವೈರನ್ನೂ ಹಾಕಿಸಿ. ಮೂರನೆಯ ದಾರಿ ನನಗೆ ಕಾಣದು. ಸೌಂಡು ಕಡಿಮೆ ಮಾಡುವುದು ಎನ್ನಬಹುದಿತ್ತು, ಯಾರು ಕೇಳುತ್ತಾರೆ!

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು. ರೆಗ್ಯುಲೇಟರೇ ಇಲ್ಲದೆ ಫೀಲ್ಡಿಗೆ ಡೈರೆಕ್ಟ್ ಕೊಟ್ಟು ಓಡಿಸಿದರೂ ಗಾಡಿ ಓಡಿತಲ್ಲ, ಡೀಸೆಲ್ ಎಂಜಿನ್ನಿಗೆ ಬ್ಯಾಟರಿಯೇ ಬೇಡವಲ್ಲ ಎಂಬುದು. ಹಳೆಯ ಟ್ರ್ಯಾಕ್ಟರಿನ ಡೀಸೆಲ್ ಪಂಪು ಯಾಂತ್ರಿಕವಾದದ್ದು. ಒಮ್ಮೆ ಸ್ಟಾರ್ಟ್ ಆದರೆ ವಿದ್ಯುತ್ತಿಲ್ಲದೆಯೂ ಓಡುತ್ತದೆ, ಅದು ಸರಿ. ಆದರೆ ಡೈರೆಕ್ಟ್ ಕೊಟ್ಟ ಗಾಡಿಯಲ್ಲಿ ವೋಲ್ಟೇಜನ್ನು ಹಿಡಿದಿಟ್ಟಿರುವುದು ಪಾಪದ ಬ್ಯಾಟರಿ ಒಂದೇ, ಅದೂ ತನ್ನ ನೀರನ್ನು ಬಲಿಕೊಟ್ಟು. ಇನ್ನು, ಓಡುವ ಎಂಜಿನ್ನಿನಿಂದ ಬ್ಯಾಟರಿಯನ್ನು ಕಳಚಿ ಪಕ್ಕದ ಟ್ರ್ಯಾಕ್ಟರಿಗೆ ಕೊಂಡೊಯ್ಯುವ ರೂಢಿ ಇದ್ದರೆ ಅದನ್ನು ಇವತ್ತೇ ಬಿಡಬೇಕು. ಜೋರಾಗಿ ಚಾರ್ಜ್ ಆಗುತ್ತಿದ್ದ ಬ್ಯಾಟರಿಯನ್ನು ಥಟ್ಟನೆ ಬಿಡಿಸಿದರೆ ಆಲ್ಟರ್ನೇಟರಿನ ಕರೆಂಟಿಗೆ ಹೋಗಲು ಜಾಗವಿಲ್ಲ. ರೆಗ್ಯುಲೇಟರು ಫೀಲ್ಡನ್ನು ಕಡಿದರೂ ಅಯಸ್ಕಾಂತದ ಬಲ ಆ ಕ್ಷಣಕ್ಕೆ ಇಳಿಯದು. ಕಣ್ಣುಮಿಟುಕಿಸುವಷ್ಟರಲ್ಲಿ ವೋಲ್ಟೇಜು 80, 100ರವರೆಗೆ ನೆಗೆಯಬಹುದು. ಡಯೋಡು, ಮೀಟರುಗಳು ಹೋಗಬಹುದು. ಹೊಸ ಗಾಡಿಯಾದರೆ ಅದರ ಕಂಪ್ಯೂಟರೇ ಹೋಗಬಹುದು.

ಬೈಕಿನವರು ಇಷ್ಟು ಹೊತ್ತು ಕಾದಿದ್ದೀರಿ. ಆಲ್ಟರ್ನೇಟರಿನಲ್ಲಿ ಅಯಸ್ಕಾಂತವನ್ನು ಹಿಡಿದರೆ ವೋಲ್ಟೇಜು ಹಿಡಿದಂತೆ ಎಂದೆ. ಬೈಕಿನಲ್ಲಿ ಅದು ನಡೆಯದು. ಅಲ್ಲಿರುವುದು ಶಾಶ್ವತ ಅಯಸ್ಕಾಂತ, ಅದರ ಬಲವನ್ನು ತಗ್ಗಿಸಲು ಬರುವುದಿಲ್ಲ. ತೂಬೇ ಇಲ್ಲದ ಕೆರೆ ಅದು, ಹೆಚ್ಚಿದ್ದನ್ನು ಕೋಡಿಯಲ್ಲೇ ಬಿಡಬೇಕು. ಆದ್ದರಿಂದ ಬಹುಪಾಲು ಬೈಕುಗಳ ಆರ್.ಆರ್. (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್ಟು ಮಿಕ್ಕ ಕರೆಂಟನ್ನು ಅಡ್ಡದಾರಿಗೆ ತಿರುಗಿಸಿ ಶಾಖವಾಗಿ ಕಳೆಯುತ್ತದೆ. ಅದಕ್ಕೆ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಮೈ ಇರುವುದು ಗಾಳಿ ಆಡಲೆಂದು. ಅದರ ಮೇಲೆ ಕೆಸರು ಮೆತ್ತಿಕೊಂಡರೆ, ಬ್ಯಾಗು ನೇತುಬಿದ್ದರೆ, ಒಳಗಿನ ಡಯೋಡು ಬೆಂದುಹೋಗುತ್ತದೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟು ಎಂಜಿನ್ನಿನ ಜೊತೆಗೇ ಸದಾ ಉರಿಯುವುದು ಕಡ್ಡಾಯವಾಯಿತು. ಹಗಲಲ್ಲಿ ಲೈಟು ಯಾಕೆ, ಬ್ಯಾಟರಿ ದಂಡ ಎಂದು ಗೊಣಗುವವರಿದ್ದಾರೆ. ಇಂಥ ಬೈಕಿನಲ್ಲಿ ಆ ಲೈಟು ಬಳಸುವ ಕರೆಂಟಿನ ಹೆಚ್ಚಿನ ಪಾಲು ಇಲ್ಲದಿದ್ದರೆ ಆರ್.ಆರ್. ಯೂನಿಟ್ಟಿನಲ್ಲಿ ಶಾಖವಾಗಿ ಹೋಗುತ್ತಿತ್ತು.

ಕೊನೆಯ ಆಕ್ಷೇಪ. ಹೊಸ ಗಾಡಿಗಳಲ್ಲಿ ಎಲ್ಲವನ್ನೂ ಕಂಪ್ಯೂಟರು ನೋಡಿಕೊಳ್ಳುತ್ತದೆ, ನಮಗ್ಯಾಕೆ ಮೀಟರು? ಹೊಸ ಕಾರುಗಳಲ್ಲಿ ಎಂಜಿನ್ನಿನ ಕಂಪ್ಯೂಟರೇ ರೆಗ್ಯುಲೇಟರಿಗೆ ಆಜ್ಞೆ ಕೊಡುವುದುಂಟು. ಇಳಿಜಾರಿನಲ್ಲಿ, ಬ್ರೇಕು ಒತ್ತಿದಾಗ ವೋಲ್ಟೇಜನ್ನು 15ರ ಹತ್ತಿರಕ್ಕೆ ಏರಿಸಿ ಪುಕ್ಕಟೆ ಚಾರ್ಜು ಮಾಡಿಕೊಳ್ಳುತ್ತದೆ. ಎಂಜಿನ್ನು ದುಡಿಯುವಾಗ 13ಕ್ಕೂ ಕೆಳಗೆ ಇಳಿಸಿ ಇಂಧನ ಉಳಿಸುತ್ತದೆ. ಅಂಥ ಗಾಡಿಯಲ್ಲಿ ಒಂದು ಸಲ ಅಳೆದು ತೀರ್ಪು ಕೊಡುವಂತಿಲ್ಲ, ನಿಜ. ಆದರೆ ತುಕ್ಕು ಹಿಡಿದ ಅರ್ಥ್ ಪಟ್ಟಿಯನ್ನು ಯಾವ ಕಂಪ್ಯೂಟರೂ ಉಜ್ಜುವುದಿಲ್ಲ. ನಮ್ಮ ಹೊಲಗಳಲ್ಲಿ, ಅಡಿಕೆ ತೋಟಗಳ ದಾರಿಯಲ್ಲಿ ದುಡಿಯುವ ಬಹಳಷ್ಟು ಗಾಡಿಗಳು ಇನ್ನೂ ಹಳೆಯ ಬಗೆಯವೇ. ಅವುಗಳಿಗೆ ಮೂರು ಅಂಕಿ ಸಾಕು. ಒಂದು, ರಾತ್ರಿ ಸುಮ್ಮನಿದ್ದ ಬ್ಯಾಟರಿಯದು, 12.5ಕ್ಕೆ ಕಡಿಮೆಯಿರಬಾರದು. ಎರಡು, ಎಂಜಿನ್ನು ಮಧ್ಯಮ ವೇಗದಲ್ಲಿರುವಾಗ ಬ್ಯಾಟರಿಯ ತಲೆಯ ಮೇಲಿನದು, 13.8ರಿಂದ 14.4. ಮೂರು, ಲೈಟು, ಫ್ಯಾನು ಎಲ್ಲ ಹಾಕಿ, ಹೊರೆ ಎಳೆಯುವಾಗಿನದು, 13.5ಕ್ಕಿಂತ ಕೆಳಗಿಳಿಯಬಾರದು. ರಾತ್ರಿ ಗಾಡಿ ಬಿಟ್ಟುಬಂದರೆ ಮೊದಲಿನೆರಡನ್ನು ಆಟೊ ಎಲೆಕ್ಟ್ರಿಷಿಯನ್ ತಮ್ಮ ಅಂಗಡಿಯ ಮುಂದೆಯೇ ನೋಡಬಲ್ಲರು. ಮೂರನೆಯದು ಅಲ್ಲಿ ಸಿಗುವುದಿಲ್ಲ. ಅದು ರಾತ್ರಿ ಹತ್ತರ ಮೇಲೆ ತುಂಬಿದ ಟ್ರೇಲರು ಎಳೆಯುವಾಗಿನ ಅಂಕಿ. ಕೆಲವು ನೂರು ರೂಪಾಯಿಯ ಮೀಟರು ಇಟ್ಟುಕೊಂಡು, ಜೊತೆಗೊಬ್ಬರನ್ನು ಕೂರಿಸಿಕೊಂಡು ನೋಡಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೊಸ ಬ್ಯಾಟರಿಗೆ ದುಡ್ಡು ಎಣಿಸುವ ಮೊದಲು ಆ ಚೀಟಿಯನ್ನು ಆಟೊ ಎಲೆಕ್ಟ್ರಿಷಿಯನ್ನರ ಮುಂದಿಡಿ.